ಸಭಾಂಗಣದ ಅಮೃತಶಿಲೆಯ ಮುಖಗಳು ಯಾರ ಲೆಕ್ಕದಲ್ಲಿವೆ?

ಮುಂಬಯಿಯ ಹಳೆಯ ಸಾರ್ವಜನಿಕ ಕಟ್ಟಡಗಳೊಳಗಿನ ಅಮೃತಶಿಲೆಯ ಪುತ್ಥಳಿಗಳ ಬಗ್ಗೆ ಮಾತು ಎದ್ದಾಗಲೆಲ್ಲ ಅದು ಯಾರನ್ನು ಉಳಿಸಬೇಕು, ಯಾರನ್ನು ತೆಗೆಯಬೇಕು ಎಂಬ ವಾದಕ್ಕೆ ಬಂದು ನಿಲ್ಲುತ್ತದೆ. ಆ ವಾದ ಸಣ್ಣದೇನೂ ಅಲ್ಲ, ಅದರ ಬಗ್ಗೆ ಮುಂದೆ ಬರೆಯುತ್ತೇನೆ. ಆದರೆ ಅದಕ್ಕೂ ಮೊದಲು ಕೇಳಬೇಕಾದ ಕೆಲವು ಪ್ರಶ್ನೆಗಳನ್ನು ನಾವು ಕೇಳುತ್ತಲೇ ಇಲ್ಲ. ಈ ಪುತ್ಥಳಿ ಯಾರ ಸ್ವತ್ತು? ಕೆತ್ತಿದವರು ಯಾರು, ಯಾವ ವರ್ಷ, ಹಣ ಕೊಟ್ಟವರು ಯಾರು? ಹತ್ತು ವರ್ಷಗಳ ಹಿಂದೆ ಅದರ ಮೂಗು, ಕಿವಿ, ಪಗಡಿಯ ಅಂಚು ಹೇಗಿದ್ದವು, ಈಗ ಹೇಗಿವೆ? ಇದನ್ನೆಲ್ಲ ಬರೆದಿಟ್ಟ ಪುಸ್ತಕ ಯಾವ ಕಚೇರಿಯ ಯಾವ ಕಪಾಟಿನಲ್ಲಿದೆ? ಈ ಪ್ರಶ್ನೆಗಳಿಗೆ ಉತ್ತರವಿಲ್ಲದಿದ್ದರೆ ಪುತ್ಥಳಿಯನ್ನು ಗೌರವದಿಂದ ಇಟ್ಟುಕೊಂಡಿದ್ದೇವೆ ಎನ್ನುವುದಕ್ಕೂ ಅರ್ಥವಿಲ್ಲ, ವಿಚಾರ ಮಾಡಿ ತೆಗೆದಿದ್ದೇವೆ ಎನ್ನುವುದಕ್ಕೂ ಅರ್ಥವಿಲ್ಲ. ಲೆಕ್ಕದಲ್ಲಿಲ್ಲದ ವಸ್ತು ಯಾರ ಗಮನಕ್ಕೂ ಬಾರದೆ ಸವೆಯುತ್ತದೆ, ಯಾರ ಗಮನಕ್ಕೂ ಬಾರದೆ ಕಾಣೆಯಾಗುತ್ತದೆ.

ಹೀಗೆ ಕಾಣೆಯಾಗುವುದು ಎಂದರೇನು ಎಂಬುದಕ್ಕೆ ಈಚಿನ ವರ್ಷಗಳಲ್ಲಿ ಸ್ಪಷ್ಟ ಉದಾಹರಣೆ ಸಿಕ್ಕಿದ್ದು ಸ್ಕಾಟ್ಲೆಂಡಿನಲ್ಲಿ. ಫ್ರಾನ್ಸಿನ ಶಿಲ್ಪಿ ಎಡ್ಮ್ ಬೂಶಾರ್ಡನ್ 1728ರಲ್ಲಿ ರೋಮ್‌ನಲ್ಲಿದ್ದಾಗ ಸರ್ ಜಾನ್ ಗಾರ್ಡನ್ ಎಂಬ ಯುವಕನ ಎದೆಮಟ್ಟದ ಪುತ್ಥಳಿಯನ್ನು ಅಮೃತಶಿಲೆಯಲ್ಲಿ ಮಾಡಿದ್ದರು. ಗಾರ್ಡನ್ ಮನೆತನದ ಊರಾದ ಇನ್ವರ್ಗಾರ್ಡನ್‌ನ ಪಟ್ಟಣಸಭೆ ಅದನ್ನು 1930ರಲ್ಲಿ ಕೇವಲ 5 ಪೌಂಡಿಗೆ ಕೊಂಡಿತು. 1975ರಲ್ಲಿ ಸ್ಕಾಟ್ಲೆಂಡಿನ ಸ್ಥಳೀಯ ಆಡಳಿತವನ್ನು ಪುನರ್ರಚಿಸಿದಾಗ ಹಳೆಯ ಪಟ್ಟಣಸಭೆಗಳು ರದ್ದಾದವು, ಅವುಗಳ ಸ್ವತ್ತು ದೊಡ್ಡ ಪರಿಷತ್ತುಗಳ ಪಾಲಾಯಿತು. ಈ ಕೈಬದಲಾವಣೆಗಳ ನಡುವೆ ಪುತ್ಥಳಿ ಎಲ್ಲಿ ಹೋಯಿತೆಂದು ಯಾರೂ ಹುಡುಕಲಿಲ್ಲ. 1998ರಲ್ಲಿ ಬ್ಯಾಲಿಂಟೋರ್ ಎಂಬಲ್ಲಿನ ಕೈಗಾರಿಕಾ ವಸಾಹತಿನ ಶೆಡ್ಡೊಂದರಲ್ಲಿ, ಬಾಗಿಲು ಮುಚ್ಚಿಕೊಳ್ಳದಂತೆ ಆನಿಸಿ ಇಟ್ಟ ಕಲ್ಲಾಗಿ ಅದು ಸಿಕ್ಕಿತು. ಈಗ ಅದರ ಬೆಲೆ 25 ಲಕ್ಷ ಪೌಂಡಿಗೂ ಮೇಲು. ಮಾರಬೇಕೋ ಬೇಡವೋ ಎಂದು ಹೈಲ್ಯಾಂಡ್ ಪರಿಷತ್ತು ಊರಿನವರ ಅಭಿಪ್ರಾಯ ಕೇಳಿತು, ಮಾರಾಟಕ್ಕೆ 2024ರಲ್ಲಿ ನ್ಯಾಯಾಲಯದ ಅನುಮತಿಯನ್ನೂ ಪಡೆಯಬೇಕಾಯಿತು. ಅದನ್ನು ಯಾರೂ ಕದ್ದಿರಲಿಲ್ಲ, ದ್ವೇಷದಿಂದ ಯಾರೂ ಎಸೆದಿರಲಿಲ್ಲ. ಒಂದು ಕಚೇರಿ ಮುಚ್ಚಿ ಇನ್ನೊಂದು ತೆರೆಯುವಾಗ ಹಸ್ತಾಂತರದ ಪಟ್ಟಿಯಲ್ಲಿ ಒಂದು ಸಾಲು ಇಲ್ಲದೆ ಹೋದರೆ ಎಷ್ಟಾಗಬಹುದೋ ಅಷ್ಟಾಯಿತು.

ಮುಂಬಯಿಯಲ್ಲಿ ಇಂಥ ಕೈಬದಲಾವಣೆಗಳು ಇನ್ನೂ ಹೆಚ್ಚು. ಈಸ್ಟ್ ಇಂಡಿಯಾ ಕಂಪನಿಯಿಂದ ರಾಣಿಯ ಸರ್ಕಾರಕ್ಕೆ, ಅಲ್ಲಿಂದ ಸ್ವತಂತ್ರ ಭಾರತದ ಮುಂಬಯಿ ರಾಜ್ಯಕ್ಕೆ, 1960ರಲ್ಲಿ ಮಹಾರಾಷ್ಟ್ರಕ್ಕೆ ಎಂದು ಆಡಳಿತ ಬದಲಾದಂತೆಲ್ಲ ಕಟ್ಟಡಗಳ ಯಜಮಾನಿಕೆಯೂ ಬದಲಾಗಿದೆ. ಈ ನಡುವೆ 1956ರ ನವೆಂಬರ್ 1ರಂದು ಧಾರವಾಡ, ಬೆಳಗಾವಿ, ಬಿಜಾಪುರ, ಉತ್ತರ ಕನ್ನಡ ಜಿಲ್ಲೆಗಳು ಮುಂಬಯಿಯಿಂದ ಬೇರ್ಪಟ್ಟು ಮೈಸೂರು ರಾಜ್ಯ ಸೇರಿದವು. ಅಲ್ಲಿಯವರೆಗೆ ಈ ನಗರವೇ ಆ ಜಿಲ್ಲೆಗಳ ರಾಜಧಾನಿಯಾಗಿತ್ತು. ಹೊನ್ನಾವರದಲ್ಲಿ 1855ರಲ್ಲಿ ಹುಟ್ಟಿದ ನಾರಾಯಣ ಗಣೇಶ ಚಂದಾವರ್ಕರರು ಇಲ್ಲಿಯ ಹೈಕೋರ್ಟಿನ ನ್ಯಾಯಮೂರ್ತಿಗಳಾದರು, ವಿಶ್ವವಿದ್ಯಾಲಯದ ಕುಲಪತಿ ಸ್ಥಾನದಲ್ಲಿ ಕುಳಿತರು, 1921ರಲ್ಲಿ ಮುಂಬಯಿ ವಿಧಾನ ಪರಿಷತ್ತಿನ ಅಧ್ಯಕ್ಷರಾದರು. ಹಳಗನ್ನಡ ಶಾಸನಗಳನ್ನು ಓದಿ ಅಚ್ಚಿಗೆ ತಂದ ಜೆ. ಎಫ್. ಫ್ಲೀಟ್ ಅವರ ಆರಂಭದ ಬರಹಗಳು ಪ್ರಕಟವಾದದ್ದು ಟೌನ್ ಹಾಲ್‌ನಲ್ಲಿ ನೆಲೆಸಿದ ಏಷ್ಯಾಟಿಕ್ ಸೊಸೈಟಿಯ ನಿಯತಕಾಲಿಕದಲ್ಲಿ. ಊರಿನಿಂದ ಬಂದು ನಗರದ ಹಳೆಯ ಭಾಗವಾದ ಫೋರ್ಟಿನ ಹೋಟೆಲುಗಳಲ್ಲಿ ದುಡಿದು ರಾತ್ರಿಶಾಲೆಯಲ್ಲಿ ಕನ್ನಡ ಕಲಿತ ನಮ್ಮ ಹಿಂದಿನ ತಲೆಮಾರು ನಡೆದಾಡಿದ್ದೂ ಇದೇ ಕಟ್ಟಡಗಳ ನೆರಳಿನಲ್ಲಿ. ಆದ್ದರಿಂದ ಇಲ್ಲಿಯ ಕನ್ನಡಿಗರು ಈ ಅಮೃತಶಿಲೆಯ ಮುಖಗಳ ಬಗ್ಗೆ ಮಾತಾಡುವಾಗ ಪರರ ಮನೆಯ ವಿಚಾರಕ್ಕೆ ತಲೆಹಾಕುತ್ತಿದ್ದೇವೆ ಎಂದು ಸಂಕೋಚ ಪಡಬೇಕಾಗಿಲ್ಲ.

ಟೌನ್ ಹಾಲ್‌ನಿಂದಲೇ ಆರಂಭಿಸಬಹುದು. ಕರ್ನಲ್ ಥಾಮಸ್ ಕೌಪರ್ ರೂಪಿಸಿದ ಈ ಕಟ್ಟಡ 1833ರಲ್ಲಿ ಪೂರ್ಣವಾಯಿತು. ಹಾರ್ನಿಮನ್ ಸರ್ಕಲ್ ಕಡೆಯಿಂದ ಅಗಲವಾದ ಮೆಟ್ಟಿಲುಗಳನ್ನು ಹತ್ತಿ, ಗ್ರೀಕ್ ಮಾದರಿಯ ದಪ್ಪ ಕಂಬಗಳನ್ನು ದಾಟಿ ಒಳಗೆ ಹೋದರೆ ಹತ್ತೊಂಬತ್ತನೆಯ ಶತಮಾನದ ಮುಂಬಯಿಯ ದೊಡ್ಡವರು ಬಿಳಿಕಲ್ಲಿನಲ್ಲಿ ನಿಂತಿದ್ದಾರೆ, ಕುಳಿತಿದ್ದಾರೆ. ಇವು ಎದೆಮಟ್ಟದವಲ್ಲ, ಪೂರ್ಣಾಕೃತಿಗಳು. ಗವರ್ನರುಗಳಾದ ಮೌಂಟ್‌ಸ್ಟುವರ್ಟ್ ಎಲ್ಫಿನ್‌ಸ್ಟನ್ ಮತ್ತು ಜಾನ್ ಮಾಲ್ಕಂ, ವರ್ತಕ ಚಾರ್ಲ್ಸ್ ಫೋರ್ಬ್ಸ್, ಈ ಮೂವರ ಪ್ರತಿಮೆಗಳು ಲಂಡನ್ನಿನ ಫ್ರಾನ್ಸಿಸ್ ಚಾಂಟ್ರಿ ಅವರ ಕೆಲಸ. ಜಮ್ಶೇಟ್‌ಜಿ ಜೀಜೀಭಾಯ್ ಅವರದನ್ನು ಮಾಡಿದವರು ಮರೊಕೆಟ್ಟಿ, ಬಾರ್ಟಲ್ ಫ್ರೇರ್ ಅವರದನ್ನು ಥಾಮಸ್ ವೂಲ್ನರ್, ನಾನಾ ಜಗನ್ನಾಥ ಶಂಕರಶೇಟ್ ಅವರದನ್ನು ಮ್ಯಾಥ್ಯೂ ನೋಬಲ್. ಆ ಕಾಲದ ಬ್ರಿಟನ್ನಿನಲ್ಲಿ ಹೆಸರಾಗಿದ್ದ ಶಿಲ್ಪಿಗಳೆಲ್ಲ ಒಂದೇ ಸೂರಿನಡಿ ಸಿಗುವುದು ನಮ್ಮ ದೇಶದಲ್ಲಿ ಅಪರೂಪ. ಈ ಪೂರ್ಣಾಕೃತಿಗಳ ಬಗ್ಗೆ ಕಲಾ ಇತಿಹಾಸಕಾರರು ಬರೆದಿದ್ದಾರೆ, ಮಾಹಿತಿ ಸಿಗುತ್ತದೆ. ಕಷ್ಟವಿರುವುದು ನಗರದ ಉಳಿದ ಕಚೇರಿ, ಕಾಲೇಜು, ಆಸ್ಪತ್ರೆ, ಗ್ರಂಥಾಲಯಗಳ ಪಡಸಾಲೆಗಳಲ್ಲಿರುವ ಎದೆಮಟ್ಟದ ಪುತ್ಥಳಿಗಳಿಗೆ. ಅವು ಸಣ್ಣವು, ಅನೇಕವು, ಎತ್ತಿ ಸಾಗಿಸಬಲ್ಲವು, ಮತ್ತು ಹೆಚ್ಚಿನವುಗಳ ಕೆಳಗೆ ದಾನಿಯ ಹೆಸರಿದ್ದರೂ ಶಿಲ್ಪಿಯ ಹೆಸರು ಕಾಣುವುದಿಲ್ಲ.

ಶಿಲ್ಪಿಯ ಹೆಸರು ಏಕೆ ಬೇಕು ಎಂದು ಕೇಳುವವರಿದ್ದಾರೆ. ಅಂಥ ಪುತ್ಥಳಿ ಹೇಗೆ ಆಗುತ್ತದೆ ಎಂಬುದನ್ನು ನೋಡಿದರೆ ಉತ್ತರ ತಿಳಿಯುತ್ತದೆ. ಚಾಂಟ್ರಿ ತನ್ನೆದುರು ಕುಳಿತವರ ಮುಖವನ್ನು ಮೊದಲು ಕ್ಯಾಮೆರಾ ಲೂಸಿಡಾ ಎಂಬ ಪಟ್ಟಕದ ಉಪಕರಣದ ನೆರವಿನಿಂದ ಎದುರಿನಿಂದಲೂ ಪಕ್ಕದಿಂದಲೂ ಪೆನ್ಸಿಲಿನಲ್ಲಿ ಬರೆದುಕೊಳ್ಳುತ್ತಿದ್ದ. ಆಮೇಲೆ ಜೇಡಿಮಣ್ಣಿನಲ್ಲಿ ಮಾದರಿ, ಅದರಿಂದ ಪ್ಲಾಸ್ಟರಿನ ಅಚ್ಚು. ಪ್ಲಾಸ್ಟರಿನ ಮೇಲೆ ಗುರುತುಗಳನ್ನು ಹಾಕಿ, ಒಂದೊಂದು ಗುರುತಿನ ಆಳವನ್ನೂ ಅಳತೆಯ ಚೌಕಟ್ಟಿನಿಂದ ಕಲ್ಲಿಗೆ ವರ್ಗಾಯಿಸಿ, ಸಹಾಯಕರು ಕಲ್ಲನ್ನು ಬಹುಪಾಲು ಕಡೆದು ತರುತ್ತಿದ್ದರು. ಕೊನೆಯ ಪದರ ಮಾತ್ರ ಶಿಲ್ಪಿಯ ಕೈಗೆ. ಕಣ್ಣಿನ ರೆಪ್ಪೆಯ ಕೆಳಗಿನ ನೆರಳು, ತುಟಿಯ ಕೊನೆಯ ಸಣ್ಣ ತಗ್ಗು, ಶಾಲಿನ ಒರಟು ಮೇಲ್ಮೈಗೂ ಕೆನ್ನೆಯ ನುಣುಪಿಗೂ ಇರುವ ವ್ಯತ್ಯಾಸ, ಇವೆಲ್ಲ ಇರುವುದು ಕಲ್ಲಿನ ಹೊರಗಿನ ತೆಳು ಪದರದಲ್ಲಿ. ಒಬ್ಬ ಶಿಲ್ಪಿಯನ್ನು ಇನ್ನೊಬ್ಬರಿಂದ ಬೇರೆ ಮಾಡುವುದು ಈ ಪದರವೇ, ಅಜಾಗರೂಕತೆಯಿಂದ ಮೊದಲು ಹೋಗುವುದೂ ಈ ಪದರವೇ.

ಈ ವಿದ್ಯೆ ಲಂಡನ್ನಿನಲ್ಲೇ ಉಳಿಯಲಿಲ್ಲ. ಜೀಜೀಭಾಯ್ ಕೊಟ್ಟ ಒಂದು ಲಕ್ಷ ರೂಪಾಯಿಯಿಂದ 1857ರಲ್ಲಿ ಆರಂಭವಾದ ಜೆ. ಜೆ. ಕಲಾಶಾಲೆಯಲ್ಲಿ ಕಲಿತ ಗಣಪತರಾವ್ ಮ್ಹಾತ್ರೆ, ವಿನಾಯಕ ಕರಮರ್ಕರ್, ಬಾಲಾಜಿ ತಾಲೀಮ್ ಮುಂತಾದವರು ಇಪ್ಪತ್ತನೆಯ ಶತಮಾನದ ಮೊದಲ ಅರ್ಧದಲ್ಲಿ ಭಾವಚಿತ್ರ ಶಿಲ್ಪವನ್ನು ತಮ್ಮದಾಗಿಸಿಕೊಂಡರು. ಶಿರಡಿಯ ಸಮಾಧಿ ಮಂದಿರದಲ್ಲಿ ಲಕ್ಷಾಂತರ ಜನ ಕೈಮುಗಿಯುವ ಅಮೃತಶಿಲೆಯ ಸಾಯಿಬಾಬಾ ತಾಲೀಮ್ ಅವರ ಕೈಯಲ್ಲಿ ಮೂಡಿದ್ದು. ಪಗಡಿಯ ಸುತ್ತುಗಳು, ಉಪರಣೆಯ ಮಡಿಕೆ, ಉತ್ತರೀಯದ ಕೆಳಗಿನ ಭುಜದ ಇಳಿಜಾರು, ಇವನ್ನು ದಿನಬೆಳಗಾದರೆ ಕಂಡು ಬೆಳೆದವರು ಕೆತ್ತಿದಾಗ ಕಲ್ಲಿಗೆ ಬರುವ ಸಹಜತೆಯೇ ಬೇರೆ. ಪಡಸಾಲೆಯ ಮೂಲೆಯಲ್ಲಿ ಹೆಸರಿಲ್ಲದೆ ನಿಂತ ಒಂದು ಪುತ್ಥಳಿ ಇಂಥವರಲ್ಲೊಬ್ಬರ ಕೆಲಸವಾಗಿರಬಹುದು. ಆದರೆ ಅದನ್ನು ತಿರುಗಿಸಿ ಬೆನ್ನನ್ನು ನೋಡಿದವರು ಕಡಿಮೆ.

ಈಗ ಕಲ್ಲಿನ ಆರೋಗ್ಯದ ವಿಷಯ. ಅಮೃತಶಿಲೆ ಗಟ್ಟಿಯೆಂದು ನಾವು ತಿಳಿದಿದ್ದೇವೆ, ಆದರೆ ಅದು ರಾಸಾಯನಿಕವಾಗಿ ಸುಣ್ಣದ ಕಲ್ಲಿನ ಬಳಗದ್ದು, ಕ್ಯಾಲ್ಸಿಯಂ ಕಾರ್ಬೊನೇಟಿನ ಹರಳುಗಳು ಒತ್ತಾಗಿ ಸೇರಿ ಆದದ್ದು. ಹುಳಿ ಯಾವುದೇ ಇರಲಿ, ಅದು ಈ ಹರಳುಗಳನ್ನು ಕರಗಿಸುತ್ತದೆ. ನಿಂಬೆರಸ ಸಾಕು, ಶೌಚಾಲಯ ತೊಳೆಯುವ ಆಸಿಡ್ ಆದರಂತೂ ಕಲ್ಲಿನ ಮೇಲೆ ನೊರೆಯೇಳುವುದು ಕಣ್ಣಿಗೇ ಕಾಣುತ್ತದೆ. ನೊರೆಯೊಂದಿಗೆ ಕೊಳೆ ಹೋಗಿ ಕಲ್ಲು ಬೆಳ್ಳಗಾದಂತೆ ತೋರುತ್ತದೆ, ನಿಜವಾಗಿ ಹೋಗಿರುವುದು ಕಲ್ಲೇ. ಮೇಲ್ಮೈ ಒರಟಾದ ಮೇಲೆ ಧೂಳು ಮೊದಲಿಗಿಂತ ಬೇಗ ಹಿಡಿಯುತ್ತದೆ, ಆಗ ಮತ್ತೆ ಆಸಿಡ್. ಇಂಥ ಪುತ್ಥಳಿಯ ಕೆನ್ನೆಗೆ ಪಕ್ಕದಿಂದ ಟಾರ್ಚಿನ ಬೆಳಕನ್ನು ಓರೆಯಾಗಿ ಬಿಟ್ಟು ನೋಡಬೇಕು. ಚೆನ್ನಾಗಿ ಉಳಿದ ಕಲ್ಲಿನಲ್ಲಿ ಬೆಳಕು ಒಂದಿಷ್ಟು ಒಳಗೆ ಇಳಿದು ಮೇಣದಂತೆ ಹೊಳೆಯುತ್ತದೆ. ತೊಳೆದು ಸವೆದ ಕಲ್ಲಿನಲ್ಲಿ ಸಕ್ಕರೆಯ ಹರಳಿನಂಥ ಕಣಗಳು ಎದ್ದು ಕಾಣುತ್ತವೆ, ಬೆರಳಾಡಿಸಿದರೆ ಪುಡಿ ಅಂಟುತ್ತದೆ. ಹುಬ್ಬಿನ ಗೆರೆ, ಮೀಸೆಯ ಎಳೆಗಳು ಅಳಿಸಿಹೋಗಿರುತ್ತವೆ. ಹೆಸರಿನ ಫಲಕ ಇಲ್ಲದಿದ್ದರೆ ಅದು ಯಾರೆಂದು ಗುರುತು ಸಿಗದ ಸ್ಥಿತಿಗೆ ಇನ್ನು ಕೆಲವೇ ತೊಳೆತಗಳು ಉಳಿದಿರುತ್ತವೆ.

ಫೋರ್ಟಿನ ಒಂದು ಕಚೇರಿಯಲ್ಲಿ ಸಿಪಾಯಿಯಾಗಿದ್ದು ನಿವೃತ್ತರಾದ ಉಡುಪಿ ಕಡೆಯ ಹಿರಿಯರೊಬ್ಬರು ಈ ವಿಷಯ ಬಂದಾಗ ನನಗೆ ಹೇಳಿದ ಮಾತು ನೆನಪಿನಲ್ಲಿದೆ. “ಜಯಂತಿಯ ಹಿಂದಿನ ದಿನ ಸಾಹೇಬರು ಬಂದು ನೋಡ್ತಿದ್ರು ಮಾರಾಯ್ರೆ. ಬೆಳ್ಳಗೆ ಕಾಣ್ಬೇಕು ಅಂತ ಒಂದೇ ಮಾತು. ಯಾವುದರಿಂದ ತೊಳೀಬೇಕು ಅಂತ ಹೇಳಿದವರು ಒಬ್ಬರೂ ಇಲ್ಲ. ನಾವು ಬಾತ್‌ರೂಮಿಗೆ ತಂದದ್ದನ್ನೇ ಹಾಕಿ ಉಜ್ಜಿದ್ದು.” ಅವರ ಮಾತಿನಲ್ಲಿ ತಪ್ಪು ಹುಡುಕುವುದು ನ್ಯಾಯವಲ್ಲ. ಮೇಲಿನವರು ಬಿಳುಪನ್ನು ಕೇಳಿದರು, ಕೆಳಗಿನವರು ಕೈಗೆ ಸಿಕ್ಕಿದ್ದರಿಂದ ಬಿಳುಪನ್ನು ಕೊಟ್ಟರು. ಪುತ್ಥಳಿಯನ್ನು ಒಣ ಮೃದು ಕುಂಚದಿಂದ ಧೂಳು ತೆಗೆಯುವುದಕ್ಕಿಂತ ಹೆಚ್ಚೇನನ್ನೂ ಮಾಡಕೂಡದು, ನೀರು ಮುಟ್ಟಿಸುವುದಿದ್ದರೂ ಸಂರಕ್ಷಣೆ ಬಲ್ಲವರ ಎದುರಿನಲ್ಲೇ ಆಗಬೇಕು ಎಂಬ ಒಂದು ಸಾಲಿನ ಲಿಖಿತ ಆದೇಶ ಗೋಡೆಯ ಮೇಲೆ ಇದ್ದಿದ್ದರೆ ಆ ಕಲ್ಲು ಉಳಿಯುತ್ತಿತ್ತು.

ಹಾರದ ವಿಷಯದಲ್ಲಿ ಬರೆಯುವಾಗ ಎಚ್ಚರ ಬೇಕು, ಏಕೆಂದರೆ ಅದು ಪ್ರೀತಿಯ ಕೆಲಸ. ಆದರೂ ಹೇಳಲೇಬೇಕು. ನೀರು ಚಿಮುಕಿಸಿದ ಗೊಂಡೆಹೂವಿನ ಮಾಲೆ ಎರಡು ಮೂರು ದಿನ ಕುತ್ತಿಗೆಯಲ್ಲೇ ಬಾಡಿದರೆ ಅದರ ಬಣ್ಣ ಕಲ್ಲಿನ ಸೂಕ್ಷ್ಮ ರಂಧ್ರಗಳೊಳಗೆ ಇಳಿಯುತ್ತದೆ. ಅರಿಸಿನ, ಕುಂಕುಮ, ಎಣ್ಣೆ ಇಳಿದರೆ ತೆಗೆಯುವುದು ಇನ್ನೂ ಕಷ್ಟ. ಮಾಲೆ ಕಟ್ಟಿದ ಕಬ್ಬಿಣದ ತಂತಿ ತೇವಕ್ಕೆ ತುಕ್ಕು ಹಿಡಿದು ಭುಜದ ಮೇಲೆ ಕಂದು ಗೆರೆ ಎಳೆಯುತ್ತದೆ. ಅಮೃತಶಿಲೆಗೆ ಇಳಿದ ಕಲೆಯನ್ನು ತೆಗೆಯುವುದು ಎಷ್ಟು ದೊಡ್ಡ ಕೆಲಸ ಎಂಬುದಕ್ಕೆ ಇದೇ ನಗರದ ಇತಿಹಾಸದಲ್ಲಿ ಒಂದು ಪ್ರಸಿದ್ಧ ಪ್ರಸಂಗವಿದೆ. ಬರೋಡೆಯ ಖಂಡೇರಾವ್ ಗಾಯಕವಾಡರು ಕೊಡಿಸಿ, ಮ್ಯಾಥ್ಯೂ ನೋಬಲ್ ಕೆತ್ತಿ, 1872ರಲ್ಲಿ ಅನಾವರಣಗೊಂಡ ವಿಕ್ಟೋರಿಯಾ ರಾಣಿಯ ಅಮೃತಶಿಲೆಯ ಪ್ರತಿಮೆಗೆ 1896ರಲ್ಲಿ ಪುಣೆಯ ಚಾಪೇಕರ್ ಸಹೋದರರು ಡಾಂಬರು ಬಳಿದರು. ಕಲ್ಲಿಗಿಳಿದ ಆ ಕಪ್ಪನ್ನು ತೆಗೆಯುವುದು ಸಾಮಾನ್ಯರಿಂದ ಆಗದೆ, ಕೊನೆಗೆ ರಸಾಯನಶಾಸ್ತ್ರಜ್ಞ ಪ್ರೊ. ಟಿ. ಕೆ. ಗಜ್ಜರ್ ಅವರ ವಿದ್ಯೆಯ ಮೊರೆಹೋಗಬೇಕಾಯಿತು. ಅವರ ಹೆಸರು ದೇಶದಲ್ಲೆಲ್ಲ ಹರಡಲು ಈ ಒಂದು ಕೆಲಸವೂ ಕಾರಣವಾಯಿತು. ಇವತ್ತು ಒಂದು ಹಾರವನ್ನು ಪುತ್ಥಳಿಯ ಕೊರಳಿಗೆ ಹಾಕುವ ಬದಲು ಪೀಠದ ಮುಂದೆ ಪ್ರತ್ಯೇಕ ಆಸರೆಯ ಮೇಲೆ ಇಟ್ಟು, ಅದೇ ಸಂಜೆ ತೆಗೆದರೆ ಗೌರವಕ್ಕೂ ಕೊರತೆಯಿಲ್ಲ, ಕಲ್ಲಿಗೂ ಕೇಡಿಲ್ಲ.

ಕೈಯಿಂದ ಆಗುವ ಕೇಡು ಇದಾದರೆ ಹವೆಯಿಂದ ಆಗುವುದು ಬೇರೆ. ಕಡಲ ಗಾಳಿಯ ಉಪ್ಪು ಕಲ್ಲಿನ ರಂಧ್ರಗಳಲ್ಲಿ ಸೇರುತ್ತದೆ. ಗಾಳಿಯ ತೇವಾಂಶ ಶೇಕಡಾ 75ರ ಸುಮಾರಿಗೆ ಏರಿದಾಗ ಅಡುಗೆ ಉಪ್ಪು ಕರಗುತ್ತದೆ, ಅದಕ್ಕಿಂತ ಇಳಿದಾಗ ಮತ್ತೆ ಹರಳುಗಟ್ಟುತ್ತದೆ. ಹರಳುಗಟ್ಟುವಾಗ ಅದು ಕಲ್ಲಿನ ಕಣಗಳನ್ನು ಒಳಗಿನಿಂದ ದೂಡುತ್ತದೆ. ಹಗಲು ಏಸಿ ಹಾಕಿ ರಾತ್ರಿ ಆರಿಸುವ ಕಚೇರಿಯಲ್ಲಿ ಈ ಏರಿಳಿತ ಮಳೆಗಾಲದಲ್ಲಿ ಪ್ರತಿದಿನ ನಡೆಯಬಹುದು. ಇನ್ನು ವಾಹನ ಮತ್ತು ಕಾರ್ಖಾನೆಗಳ ಹೊಗೆಯ ಗಂಧಕದ ಆಕ್ಸೈಡುಗಳು ತೇವದೊಂದಿಗೆ ಸೇರಿ ಅಮೃತಶಿಲೆಯ ಮೇಲ್ಮೈಯನ್ನು ಜಿಪ್ಸಂ ಆಗಿ ಮಾರ್ಪಡಿಸುತ್ತವೆ, ಆ ಜಿಪ್ಸಂ ಮಸಿಯನ್ನು ಹಿಡಿದು ಕಪ್ಪು ಹೊಪ್ಪಳೆಯಾಗುತ್ತದೆ. ರಸ್ತೆ ಕಡೆಯ ಕಿಟಕಿಯ ಪಕ್ಕದಿಂದ ಪೀಠವನ್ನು ಒಳಗೋಡೆಯ ಕಡೆಗೆ ಸರಿಸುವುದರಿಂದಲೂ ಎಷ್ಟೋ ಅನುಕೂಲವಿದೆ. ಸರಿಸುವುದಕ್ಕೂ ಕ್ರಮವಿದೆ. ಅಮೃತಶಿಲೆಯ ಒಂದು ಘನ ಮೀಟರ್ ಸುಮಾರು 2,700 ಕಿಲೊ ತೂಗುತ್ತದೆ. ಪುತ್ಥಳಿಯನ್ನು ಅದರ ಕೆಳಗಿನ ದುಂಡುಪಾದಕ್ಕೆ, ಅಂದರೆ ಪೀಠದ ಮೇಲೆ ಕೂರುವ ದುಂಡನೆಯ ಬುಡಕ್ಕೆ, ಹಿಡಿದಿಟ್ಟಿರುವುದು ಅನೇಕ ಸಲ ಒಳಗಿನ ಒಂದು ಲೋಹದ ಸರಳು ಮಾತ್ರ. ಗೋಡೆಗೆ ಬಣ್ಣ ಹೊಡೆಯಲು ಬಂದವರು ತಲೆ, ಭುಜ ಹಿಡಿದು ಎತ್ತಿದರೆ ಸರಳಿನ ಸುತ್ತ ಕಲ್ಲು ಸೀಳುತ್ತದೆ.

ಇಷ್ಟೆಲ್ಲ ಅಪಾಯವಿರುವ ವಸ್ತುವಿಗೆ ಕಾನೂನಿನ ರಕ್ಷಣೆ ಎಷ್ಟಿದೆ? ಕಟ್ಟಡಗಳ ಮಟ್ಟಿಗೆ ಮುಂಬಯಿ ದೇಶಕ್ಕೇ ಮೊದಲು ದಾರಿ ತೋರಿಸಿದ ನಗರ. 1995ರ ಪರಂಪರೆ ನಿಯಮಗಳ ಪ್ರಕಾರ ಇಲ್ಲಿ ಕಟ್ಟಡಗಳನ್ನು ಶ್ರೇಣಿಗಳಾಗಿ ಪಟ್ಟಿ ಮಾಡಲಾಗಿದೆ, ಮೊದಲ ಶ್ರೇಣಿಯ ಕಟ್ಟಡವಾದರೆ ಹೊರಗನ್ನಷ್ಟೇ ಅಲ್ಲ, ಒಳಗನ್ನೂ ಸುಲಭಕ್ಕೆ ಮುಟ್ಟುವಂತಿಲ್ಲ. 2018ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ ಓವಲ್ ಮೈದಾನದ ಸುತ್ತಲಿನ ಸಮುಚ್ಚಯದಲ್ಲಿ 94 ಕಟ್ಟಡಗಳಿವೆ. ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್ಸಿನ ಮುಂಭಾಗದ ಗೋಡೆಯಲ್ಲಿ ಕೂಡಿಸಿರುವ ಶಂಕರಶೇಟ್ ಮತ್ತು ಜೀಜೀಭಾಯ್ ಅವರ ಕಲ್ಲಿನ ಮುಖಗಳು ಕಟ್ಟಡದ ಅಂಗವಾದ್ದರಿಂದ ಕಟ್ಟಡಕ್ಕಿರುವ ರಕ್ಷಣೆ ಅವಕ್ಕೂ ಇದೆ. ಆದರೆ ಒಳಗೆ ಪೀಠದ ಮೇಲೆ ಬಿಡಿಯಾಗಿ ನಿಂತ ಪುತ್ಥಳಿ ಕಟ್ಟಡವೂ ಅಲ್ಲ, ಕಟ್ಟಡದ ಭಾಗವೂ ಅಲ್ಲ. ಪರಂಪರೆಯ ಪಟ್ಟಿ ಅದನ್ನು ಕಾಣುವುದೇ ಇಲ್ಲ.

ಹಾಗಾದರೆ 1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿ ಕಾಯ್ದೆ ಇದೆಯಲ್ಲ ಎನ್ನಬಹುದು. ಇದೆ. ನೂರು ವರ್ಷ ತುಂಬಿದ ಶಿಲ್ಪ ಆ ಕಾಯ್ದೆಯ ಅರ್ಥದಲ್ಲಿ ಪ್ರಾಚ್ಯವಸ್ತು, ಅದನ್ನು ಖಾಸಗಿಯವರು ದೇಶದಿಂದ ಹೊರಗೆ ಸಾಗಿಸುವಂತಿಲ್ಲ, ಮನೆಯಲ್ಲಿ ಇಟ್ಟುಕೊಂಡವರು ನೋಂದಣಿ ಅಧಿಕಾರಿಯ ಬಳಿ ಫೋಟೊ ಸಹಿತ ನೋಂದಾಯಿಸಿ ಪ್ರಮಾಣಪತ್ರ ಪಡೆಯಬೇಕು. ಆದರೆ ಅದೇ ಕಾಯ್ದೆಯ 18ನೇ ಕಲಮು ಒಂದು ವಿನಾಯಿತಿ ಕೊಡುತ್ತದೆ. ಸರ್ಕಾರದ ಅಥವಾ ಸ್ಥಳೀಯ ಸಂಸ್ಥೆಯ ಒಡೆತನ, ಹತೋಟಿ, ನಿರ್ವಹಣೆಯಲ್ಲಿರುವ ವಸ್ತುಸಂಗ್ರಹಾಲಯ, ಕಚೇರಿ, ಪತ್ರಾಗಾರ, ಶಿಕ್ಷಣ ಮತ್ತು ಸಾಂಸ್ಕೃತಿಕ ಸಂಸ್ಥೆಗಳಲ್ಲಿ ಇಟ್ಟ ಪ್ರಾಚ್ಯವಸ್ತುಗಳಿಗೆ ಈ ನೋಂದಣಿಯ ಕಡ್ಡಾಯವಿಲ್ಲ. ಸರ್ಕಾರದ ಬಳಿ ಇದ್ದದ್ದು ಸರ್ಕಾರದ ಪುಸ್ತಕದಲ್ಲಿ ಇದ್ದೇ ಇರುತ್ತದೆ ಎಂಬ ನಂಬಿಕೆಯಿಂದ ಬಂದ ವಿನಾಯಿತಿ ಇದು. ವಸ್ತುಸಂಗ್ರಹಾಲಯದ ಮಟ್ಟಿಗೆ ಆ ನಂಬಿಕೆ ಸರಿ, ಏಕೆಂದರೆ ಅಲ್ಲಿ ಪ್ರತಿ ವಸ್ತುವಿಗೂ ಪ್ರವೇಶ ಸಂಖ್ಯೆ ಇರುತ್ತದೆ. ಕಚೇರಿಯ ಮಟ್ಟಿಗೆ ಅದು ಸರಿಯಲ್ಲ. ಕಚೇರಿಯಲ್ಲಿ ಇರುವುದು ಡೆಡ್ ಸ್ಟಾಕ್ ರಿಜಿಸ್ಟರ್. ಖುರ್ಚಿ, ಕಪಾಟು, ಫ್ಯಾನುಗಳ ಸಾಲಿನಲ್ಲಿ ‘ಪುತ್ಥಳಿ, ಒಂದು’ ಎಂದು ಬರೆದರೆ ಆ ಪುಸ್ತಕದ ಮಟ್ಟಿಗೆ ಲೆಕ್ಕ ಸರಿಹೋಯಿತು. ಎತ್ತರವೆಷ್ಟು, ಯಾರದು, ಯಾರು ಮಾಡಿದ್ದು ಎಂಬುದು ಅಲ್ಲಿ ಬರುವುದಿಲ್ಲ. ಅಮೃತಶಿಲೆಯದನ್ನು ಒಯ್ದು ಅದೇ ಜಾಗದಲ್ಲಿ ಫೈಬರಿನದನ್ನು ಇಟ್ಟರೂ ‘ಒಂದು’ ಎಂಬ ಲೆಕ್ಕ ತಪ್ಪುವುದಿಲ್ಲ. ಖಾಸಗಿ ಮನೆಯಲ್ಲಿದ್ದರೆ ಕಾಗದಪತ್ರ ಬೇಕಾಗುತ್ತಿದ್ದ ಶಿಲ್ಪ ಸಾರ್ವಜನಿಕ ಕಚೇರಿಗೆ ಬಂದ ಕೂಡಲೇ ಕಾಗದಪತ್ರವಿಲ್ಲದಂತಾಗುವುದು ಈ ಸಮಸ್ಯೆಯ ಬೇರು ಎಂದು ನಾನು ತಿಳಿದಿದ್ದೇನೆ.

ಇರುವ ಕಾಗದವೂ ಒಂದೇ ಪ್ರತಿಯಾದರೆ ಭರವಸೆ ಇಲ್ಲ. 2012ರ ಜೂನ್ 21ರಂದು ಮಹಾರಾಷ್ಟ್ರ ಸರ್ಕಾರದ ಸಚಿವಾಲಯವಾದ ಇಲ್ಲಿಯ ಮಂತ್ರಾಲಯ ಕಟ್ಟಡಕ್ಕೆ ಬೆಂಕಿ ಬಿದ್ದಾಗ ಕಡತಗಳಿಗೆ ಏನಾಯಿತು ಎಂಬುದನ್ನು ಈ ನಗರ ಕಣ್ಣಾರೆ ಕಂಡಿದೆ.

ಈಗ ಯಾರನ್ನು ಇಡಬೇಕು ಎಂಬ ವಾದಕ್ಕೆ ಬರೋಣ. 1965ರಲ್ಲಿ ಬ್ರಿಟಿಷರ ಪ್ರತಿಮೆಗಳನ್ನು ರಸ್ತೆ, ಚೌಕಗಳಿಂದ ತೆಗೆದು ಭಾಯಖಳಾದ ಜೀಜಾಮಾತಾ ಉದ್ಯಾನದ ಕಡೆಗೆ ಸಾಗಿಸಿದಾಗ ನಗರ ತನ್ನ ಹಕ್ಕನ್ನು ಚಲಾಯಿಸಿತು, ಅದರಲ್ಲಿ ತಪ್ಪಿಲ್ಲ. ಕಾಳಾ ಘೋಡಾ, ಅಂದರೆ ಕರಿಕುದುರೆ ಎಂದೇ ಹೆಸರಾಗಿದ್ದ ಏಳನೆಯ ಎಡ್ವರ್ಡನ ಪ್ರತಿಮೆ ಹೋಯಿತು, ಡಾಂಬರು ಕಂಡ ವಿಕ್ಟೋರಿಯಾ ಕೂಡ ಅಲ್ಲಿಗೇ ಹೋದಳು. ಅವುಗಳಲ್ಲಿ ಅಮೃತಶಿಲೆಯ ಕೆಲವು ಇಂದು ಭಗ್ನಮುಖವಾಗಿ ನಿಂತಿವೆ. ತೆಗೆಯುವುದು ಒಂದು ನಿರ್ಧಾರ, ಒಡೆಯಲು ಬಿಡುವುದು ನಿರ್ಧಾರವಿಲ್ಲದ ಸ್ಥಿತಿ. ಅವೆರಡನ್ನೂ ಒಂದೇ ಎಂದು ಎಣಿಸಬಾರದು. ಅದೇ ಉದ್ಯಾನಕ್ಕೆ ತಾಗಿಕೊಂಡಿರುವ ಹಳೆಯ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ ಇದಕ್ಕೆ ಒಳ್ಳೆಯ ಪ್ರತಿ ಉದಾಹರಣೆ. 1872ರಲ್ಲಿ ತೆರೆದ ಅದಕ್ಕೆ, ಗೋವೆಯ ಮಾಂದ್ರೆಯಲ್ಲಿ ಹುಟ್ಟಿದ ವೈದ್ಯ, ವಿದ್ವಾಂಸ ಭಾವು ದಾಜಿ ಲಾಡ್ ಅವರ ಹೆಸರನ್ನು 1975ರಲ್ಲಿ ಇಟ್ಟರು. ಹೆಸರು ಬದಲಾಯಿತು, ಮ್ಯಾಥ್ಯೂ ನೋಬಲ್ ಮಾಡಿದ ಆಲ್ಬರ್ಟನ ಅಮೃತಶಿಲೆಯ ಪ್ರತಿಮೆ ಒಳಗೇ ಉಳಿಯಿತು, 2003ರಿಂದ 2008ರವರೆಗೆ ನಡೆದ ಜೀರ್ಣೋದ್ಧಾರದಲ್ಲಿ ಕಟ್ಟಡ ಮತ್ತೆ ಜೀವ ಪಡೆಯಿತು. ಹಳೆಯದನ್ನು ಒಡೆಯದೆ ಹೊಸ ಗೌರವವನ್ನು ಸಲ್ಲಿಸಬಹುದು ಎಂದು ಈ ನಗರದ ಪಾಲಿಕೆಯೇ ಮಾಡಿ ತೋರಿಸಿದೆ.

ಕನ್ನಡಿಗರಾಗಿ ನಮಗೆ ಇಲ್ಲಿ ಹೇಳಲು ಇನ್ನೊಂದು ಮಾತಿದೆ. ಟೌನ್ ಹಾಲ್‌ನಲ್ಲಿ ನಿಂತಿರುವ ಎಲ್ಫಿನ್‌ಸ್ಟನ್ 1819ರಿಂದ 1827ರವರೆಗೆ ಮುಂಬಯಿಯ ಗವರ್ನರ್. ಶಿಕ್ಷಣಕ್ಕಾಗಿ ಆತ ಮಾಡಿದ ಕೆಲಸವನ್ನು ಈ ನಗರ ಇಂದಿಗೂ ನೆನೆಯುತ್ತದೆ. ಕಿತ್ತೂರಿನ ದತ್ತಕವನ್ನು ಒಪ್ಪದೆ ಕಂಪನಿ ಸಂಸ್ಥಾನಕ್ಕೆ ಕೈಹಾಕಿದ್ದು, 1824ರ ಅಕ್ಟೋಬರಿನಲ್ಲಿ ಧಾರವಾಡದ ಕಲೆಕ್ಟರ್ ಥ್ಯಾಕರೆ ಕಿತ್ತೂರಿನ ಕೋಟೆಯೆದುರು ಸತ್ತದ್ದು, ಡಿಸೆಂಬರಿನಲ್ಲಿ ಕಿತ್ತೂರು ಬಿದ್ದದ್ದು, ಎಲ್ಲವೂ ಅದೇ ಎಲ್ಫಿನ್‌ಸ್ಟನ್ನನ ಅವಧಿಯಲ್ಲಿ. ಮುಂದೆ ಗವರ್ನರಾದವನು ಮಾಲ್ಕಂ, ಅವನ ಅವಧಿಯಲ್ಲಿ, 1829ರ ಫೆಬ್ರವರಿಯಲ್ಲಿ, ರಾಣಿ ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲಿ ತೀರಿಕೊಂಡಳು. ಇಬ್ಬರೂ ಇಂದು ಒಂದೇ ಕಟ್ಟಡದಲ್ಲಿ ಚಾಂಟ್ರಿಯ ಉಳಿಯಿಂದ ಮೂಡಿ ಸೌಮ್ಯವಾಗಿ ನಿಂತಿದ್ದಾರೆ. ಇದನ್ನು ತಿಳಿದು ನೋಡುವ ಕನ್ನಡಿಗನಿಗೆ ಎದೆ ಭಾರವಾಗುವುದು ಸಹಜ. ಆದರೂ ಆ ಕಲ್ಲುಗಳು ಅಲ್ಲೇ, ಸುಸ್ಥಿತಿಯಲ್ಲಿ ಇರಲಿ ಎಂದೇ ನಾನು ಬಯಸುತ್ತೇನೆ, ಪಕ್ಕದಲ್ಲಿ ಕಿತ್ತೂರಿನ ಹೆಸರೂ ಇರುವ ವಿವರ ಫಲಕದೊಂದಿಗೆ. ಗವರ್ನರ್ ಎಂಬ ಪದವಿ ಮತ್ತು ಹುಟ್ಟಿದ, ಸತ್ತ ವರ್ಷಗಳಷ್ಟೇ ಇರುವ ಫಲಕ ಅರ್ಧ ಸತ್ಯವನ್ನು ಮಾತ್ರ ಹೇಳುತ್ತದೆ. ಕಲ್ಲನ್ನೇ ತೆಗೆದುಬಿಟ್ಟರೆ ಉಳಿದರ್ಧ ಸತ್ಯವನ್ನು ಹೇಳಲು ನೆಪವೂ ಇರುವುದಿಲ್ಲ.

ಫಲಕ ಬರೆಯುವುದಕ್ಕೂ ದಾಖಲೆ ಬೇಕು, ಆದ್ದರಿಂದ ಮಾತು ಮತ್ತೆ ಪಟ್ಟಿಗೇ ಬರುತ್ತದೆ. ಇದಕ್ಕೆ ಹೊಸ ಕಾಯ್ದೆಗಾಗಿ ಕಾಯಬೇಕಾಗಿಲ್ಲ. 18ನೇ ಕಲಮು ನೋಂದಣಿಯ ಕಡ್ಡಾಯವನ್ನು ತೆಗೆದಿದೆಯೇ ಹೊರತು ದಾಖಲೆ ಇಡಬೇಡಿ ಎಂದು ಹೇಳಿಲ್ಲ. ಪಾಲಿಕೆ, ವಿಶ್ವವಿದ್ಯಾಲಯ, ಹೈಕೋರ್ಟ್, ಬಂದರು, ರೈಲ್ವೆ, ಒಂದೊಂದು ಸಂಸ್ಥೆಯೂ ತನ್ನ ಕಟ್ಟಡಗಳಲ್ಲಿರುವ ಬಿಡಿ ಶಿಲ್ಪಗಳಿಗೆ ಡೆಡ್ ಸ್ಟಾಕಿನಿಂದ ಪ್ರತ್ಯೇಕವಾದ ಒಂದು ಪುಸ್ತಕ ತೆರೆಯುವಂತೆ ಆಂತರಿಕ ಸುತ್ತೋಲೆ ಹೊರಡಿಸಿದರೆ ಸಾಕು. ಸ್ಮಾರಕ ಮತ್ತು ಪ್ರಾಚ್ಯವಸ್ತುಗಳ ರಾಷ್ಟ್ರೀಯ ಮಿಷನ್ 2007ರಿಂದ ಇರುವುದೇ ಇಂಥ ವಸ್ತುಗಳನ್ನು ದಾಖಲಿಸುವುದಕ್ಕೆ. ಪುಸ್ತಕದ ಒಂದು ಪ್ರತಿ ರಾಜ್ಯದ ಪುರಾತತ್ವ ಇಲಾಖೆಯ ಬಳಿ ಇದ್ದರೆ ಒಂದು ಕಚೇರಿಗೆ ಬೆಂಕಿ ಬಿದ್ದರೂ, ಒಂದು ಇಲಾಖೆ ಮುಚ್ಚಿದರೂ ವಸ್ತುವಿನ ಗುರುತು ಉಳಿಯುತ್ತದೆ.

ನಮ್ಮವರ ಮಟ್ಟಿಗೆ ಹೇಳುವುದಾದರೆ, ಮುಂಬಯಿಯ ಕನ್ನಡ ಸಂಘ ಸಂಸ್ಥೆಗಳಿಗೂ ಸ್ವಂತ ಭವನಗಳಿವೆ, ಭವನಗಳಲ್ಲಿ ಸ್ಥಾಪಕರ, ದಾನಿಗಳ, ಕವಿಗಳ ಪುತ್ಥಳಿಗಳಿರುವುದುಂಟು. ಅವು ಇನ್ನೂ ನೂರು ವರ್ಷ ತುಂಬದವು, ಮಾಡಿಸಿದವರನ್ನು ಬಲ್ಲವರು ಇನ್ನೂ ಇದ್ದಾರೆ, ಕೆಲವರು ಎಂಬತ್ತು ದಾಟಿದ್ದಾರೆ. ಅವರಲ್ಲಿ ಈಗಲೇ ಕೇಳಿ ಬರೆದುಕೊಳ್ಳಬೇಕು. ಪುತ್ಥಳಿಯ ಎದುರು, ಎಡ, ಬಲ, ಹಿಂಭಾಗ ಹೀಗೆ ನಾಲ್ಕು ಕಡೆಯಿಂದ, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಫೋಟೊ ತೆಗೆಯಬೇಕು. ಎತ್ತರ, ಅಗಲ, ಕಲ್ಲಿನ ಬಗೆ, ಇರುವ ಜಾಗ, ಒಡಕು ಮತ್ತು ಕಲೆಗಳು, ಅನಾವರಣದ ದಿನ, ಹಣ ಕೂಡಿಸಿದವರ ಹೆಸರು ಬರೆಯಬೇಕು. ಆ ದಿನದ ಆಮಂತ್ರಣ ಪತ್ರಿಕೆ ಯಾರದಾದರೂ ಪೆಟ್ಟಿಗೆಯಲ್ಲಿದ್ದರೆ ಅದರ ಪ್ರತಿಯನ್ನೂ ಸೇರಿಸಬೇಕು. ಎಲ್ಲಕ್ಕಿಂತ ಮೊದಲು ಪುತ್ಥಳಿಯ ಹಿಂದೆ ಹೋಗಿ, ಗೋಡೆಗೂ ಅದಕ್ಕೂ ನಡುವೆ ಟಾರ್ಚ್ ಹಿಡಿದು, ಭುಜ ಕೊನೆಯಾಗುವ ಕತ್ತರಿಸಿದ ಅಂಚನ್ನೂ ದುಂಡುಪಾದದ ಹಿಂಬದಿಯನ್ನೂ ನಿಧಾನವಾಗಿ ನೋಡಬೇಕು. ಶಿಲ್ಪಿಗಳು ತಮ್ಮ ಹೆಸರನ್ನೂ ವರ್ಷವನ್ನೂ ಸಾಮಾನ್ಯವಾಗಿ ಕೊರೆಯುವುದು ಅಲ್ಲಿಯೇ.